ಹಳೆಯ ಮಾರುತಿ 800 ಕೈಕೊಟ್ಟಾಗ: ಎಂಜಿನ್ ಮತ್ತು ವೈರಿಂಗ್ ದೋಷ ಹುಡುಕುವ ಸಮಗ್ರ ಮಾರ್ಗದರ್ಶಿ

ಮಾರುತಿ 800 ರಸ್ತೆಗೆ ಬಂದದ್ದು 1983ರ ಡಿಸೆಂಬರ್‌ನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಆದರೂ ತಾಲ್ಲೂಕು ಕೇಂದ್ರಗಳಲ್ಲಿ, ತೋಟದ ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಈ ಬರಹ ಅದರ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಮಾದರಿಗಳನ್ನು ಇಟ್ಟುಕೊಂಡವರಿಗೆ. 2000ರ ಆಸುಪಾಸಿನಲ್ಲಿ ಬಂದ ಎಂಪಿಎಫ್‌ಐ (ಕಂಪ್ಯೂಟರ್ ಹತೋಟಿಯಲ್ಲಿ ಪೆಟ್ರೋಲ್ ಚಿಮ್ಮಿಸುವ) ಎಂಜಿನ್‌ಗೆ ಇಲ್ಲಿನ ಪೆಟ್ರೋಲ್ ಭಾಗ ಹೊಂದುವುದಿಲ್ಲ. ಬ್ಯಾಟರಿ, ಚಾರ್ಜಿಂಗ್, ಅರ್ಥ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಬಗ್ಗೆ ಹೇಳಿದ್ದು ಅದಕ್ಕೂ ಸರಿ. ಪದ್ಮಿನಿ, ಅಂಬಾಸಿಡರ್ ಇದ್ದವರಿಗೂ ಹುಡುಕುವ ಕ್ರಮ ಇದೇ. ಅಂಕಿಗಳನ್ನು ಮಾತ್ರ ನಿಮ್ಮ ಕಾರಿನ ಮ್ಯಾನುಯಲ್‌ನಲ್ಲಿ ನೋಡಿಕೊಳ್ಳಿ.

796 ಸಿಸಿಯ ಈ ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಕಂಪ್ಯೂಟರ್ ಇಲ್ಲ. ಸ್ಕ್ಯಾನರ್ ಹಾಕಿ ದೋಷ ಓದುವ ಹಾಗಿಲ್ಲ. ಆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಹೀಗಿದ್ದೂ ಈ ಕಾರುಗಳ ಮೇಲೆ ದುಡ್ಡು ಪೋಲಾಗುವುದು ಒಂದೇ ಕಾರಣಕ್ಕೆ. ಸ್ಟಾರ್ಟ್ ಆಗಲಿಲ್ಲ ಅಂದರೆ ಹೊಸ ಬ್ಯಾಟರಿ, ಆಮೇಲೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ), ಆಮೇಲೆ ಕಾರ್ಬೊರೇಟರ್ ಕಿಟ್. ಕೊನೆಗೆ ನೋಡಿದರೆ ಸಡಿಲವಾಗಿದ್ದದ್ದು ಒಂದು ಅರ್ಥ್ ವೈರ್! ಭಾಗ ಬದಲಿಸುವ ಮುಂಚೆ ಅಳೆಯಿರಿ. ಅಳೆಯಲು ಬಾರದ್ದನ್ನು ಕಣ್ಣಾರೆ ನೋಡಿ. ಕೆಳಗಿರುವುದೆಲ್ಲ ಅದನ್ನು ಮಾಡುವ ದಾರಿ.

ಕೈಗೆ ಬೇಕಾದದ್ದು, ಮೈಗೆ ಬೇಕಾದ ಎಚ್ಚರ

ಒಂದು ಡಿಜಿಟಲ್ ಮಲ್ಟಿಮೀಟರ್ ತೆಗೆದುಕೊಳ್ಳಿ. ಸಾಧಾರಣದ್ದು ಸಾಕು. ಜೊತೆಗೆ 12 ವೋಲ್ಟ್ ಟೆಸ್ಟ್ ಲ್ಯಾಂಪ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, 10 ಮತ್ತು 12ರ ಸ್ಪ್ಯಾನರ್, ಸ್ಕ್ರೂ ಡ್ರೈವರ್, ತಂತಿ ಬ್ರಷ್, ನಯವಾದ ಎಮರಿ ಪೇಪರ್, ಒಂದು ಟಾರ್ಚ್ ಇರಲಿ. ಟೆಸ್ಟ್ ಲ್ಯಾಂಪ್ ಇಲ್ಲದಿದ್ದರೆ ಹಳೆಯ ಇಂಡಿಕೇಟರ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿಕೊಂಡರೂ ಆಯಿತು.

ಬಾನೆಟ್ ತೆರೆಯುವ ಮುಂಚೆ ಉಂಗುರ, ಕೈಗಡಿಯಾರ, ಕತ್ತಿನ ಸರ ತೆಗೆದಿಡಿ. ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬಿಸಿ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಬಹುದು, ಬೆರಳು ದೂರ ಇರಲಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ರಸ್ತೆ ಬದಿಯಲ್ಲಿ ಕಾರು ನಿಂತಾಗ ಕಾರ್ಬೊರೇಟರ್ ಬಾಯಿಗೆ ಬಾಟಲಿಯಿಂದ ಪೆಟ್ರೋಲ್ ಸುರಿಯುತ್ತಾ ಸೆಲ್ಫ್ (ಸ್ಟಾರ್ಟರ್ ಮೋಟಾರ್) ಹೊಡೆಸುವವರು ಇದ್ದಾರೆ. ಎಂಜಿನ್ ಒಮ್ಮೆ ಬ್ಯಾಕ್‌ಫೈರ್ ಆದರೆ ಬೆಂಕಿ ನೇರವಾಗಿ ಕೈಯಲ್ಲಿರುವ ಬಾಟಲಿಗೆ ಬರುತ್ತದೆ. ಯಾರೇ ಹೇಳಿದರೂ ಇದನ್ನು ಮಾಡಬೇಡಿ, ಮಾಡಲು ಬಿಡಬೇಡಿ.

ಕೀ ತಿರುಗಿಸಿದರೆ ಸೆಲ್ಫ್ ತಿರುಗುವುದೇ ಇಲ್ಲ

ಹೆಡ್‌ಲೈಟ್ ಹಾಕಿ. ಒಬ್ಬರು ಕಾರಿನ ಮುಂದೆ ನಿಂತು ಬೆಳಕು ನೋಡಲಿ. ಇನ್ನೊಬ್ಬರು ಗೇರ್ ನ್ಯೂಟ್ರಲ್‌ನಲ್ಲಿಟ್ಟು ಸೆಲ್ಫ್ ಹೊಡೆಯಲಿ.

ಬೆಳಕು ಪೂರ್ತಿ ಕಂದಿತು, ಸೆಲ್ಫ್ ಕಟಕಟ ಅಂದಿತು ಅಂದರೆ ಕರೆಂಟ್ ಸಾಲುತ್ತಿಲ್ಲ. ಬ್ಯಾಟರಿ ಇಳಿದಿದೆ, ಇಲ್ಲವೇ ದಪ್ಪ ಕೇಬಲ್‌ನ ಜೋಡಣೆ ಕೆಟ್ಟಿದೆ. ಬೆಳಕು ಹಾಗೇ ಇದೆ, ಒಂದೇ ಸಲ ‘ಟಕ್’ ಅಂದಿತು ಅಂದರೆ ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಹಾಯಿಸುವ ಸ್ವಿಚ್) ಅಥವಾ ಸೆಲ್ಫ್ ಮೋಟಾರಿನ ಕಾರ್ಬನ್ ಬ್ರಷ್ ಕಡೆ ಅನುಮಾನ. ಬೆಳಕೂ ಕಂದಲಿಲ್ಲ, ಸದ್ದೂ ಇಲ್ಲ ಅಂದರೆ ಸೊಲೆನಾಯ್ಡ್‌ಗೆ ಬರುವ ಸಣ್ಣ ವೈರ್, ಇಗ್ನಿಷನ್ ಸ್ವಿಚ್ ನೋಡಬೇಕು.

ಈಗ ಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ. 12ಕ್ಕಿಂತ ಕಡಿಮೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಆಮೇಲೆ ಬೇರೆ ಮಾತು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳಬಾರದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಹಾಗೆ ಬಿದ್ದರೆ ಅದರ ಆಯಸ್ಸು ಮುಗಿಯಿತು ಎನ್ನಬಹುದು. ಅಪರೂಪಕ್ಕೆ ಸೆಲ್ಫ್ ಮೋಟಾರೇ ಬಿಗಿಯಾಗಿ ವಿಪರೀತ ಕರೆಂಟ್ ಎಳೆಯುತ್ತಿರುತ್ತದೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯುತ್ತಿಲ್ಲವೇ? ಹಳೆಯ ಕಾರುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವ ಪರೀಕ್ಷೆ ಇಲ್ಲಿದೆ. ಬೇರೇನೂ ಕಲಿಯದಿದ್ದರೂ ಇದೊಂದನ್ನು ಕಲಿಯಿರಿ.

1. ಇಗ್ನಿಷನ್ ಕಾಯಿಲ್‌ನ ಪ್ಲಸ್ ವೈರ್ ತೆಗೆದಿಡಿ, ಎಂಜಿನ್ ಸ್ಟಾರ್ಟ್ ಆಗದಿರಲಿ. ತೆಗೆದ ತುದಿ ಬಾಡಿಗೆ ತಾಗದಂತೆ ಟೇಪ್ ಸುತ್ತಿ.
2. ಮೀಟರ್ ಅನ್ನು ಡಿಸಿ ವೋಲ್ಟ್‌ನಲ್ಲಿಡಿ.
3. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ. ಕ್ಲಾಂಪ್ ಮೇಲೆ ಅಲ್ಲ, ಸೀಸದ ಕಂಬದ ಮೇಲೆಯೇ. ಇನ್ನೊಂದು ಕಡ್ಡಿ ಎಂಜಿನ್‌ನ ಬರಿ ಲೋಹದ ಮೇಲೆ.
4. ಸೆಲ್ಫ್ ಹೊಡೆಸಿ, ಆಗ ಬರುವ ಅಂಕಿ ಓದಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಸರಿ ಇದೆ. ಅರ್ಧ, ಒಂದು ವೋಲ್ಟ್ ತೋರಿಸಿದರೆ ದೋಷ ಆ ದಾರಿಯಲ್ಲೇ ಇದೆ.
5. ಇದನ್ನೇ ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ವೈರ್ ಕೂರುವ ಬೋಲ್ಟ್‌ವರೆಗೆ ಮಾಡಿ. ಅಲ್ಲಿ 0.5 ವೋಲ್ಟ್ ದಾಟಬಾರದು.

ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ. ಹಾಗಾಗಿ ಬಾಡಿಗೂ ಎಂಜಿನ್‌ಗೂ ಕರೆಂಟ್ ದಾಟಲು ಅರ್ಥ್ ಪಟ್ಟಿಯೇ ಸೇತುವೆ. ಅದು ತುಕ್ಕು ಹಿಡಿದರೆ ಸೆಲ್ಫ್ ನಿಧಾನವಾಗುತ್ತದೆ. ಕೆಲವೊಮ್ಮೆ ಕರೆಂಟ್ ಬೇರೆ ದಾರಿ ಕಾಣದೆ ಚೋಕ್ ಅಥವಾ ಆಕ್ಸಿಲರೇಟರ್ ಕೇಬಲ್ ಮೂಲಕ ಹರಿದು ಅದು ಬಿಸಿಯಾಗುವುದೂ ಉಂಟು. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ಓಡಾಡಿದ ಕಾರು ಕೊಂಡಿದ್ದರೆ ಏನೂ ತೊಂದರೆ ಇಲ್ಲದಿದ್ದರೂ ಈ ಪಟ್ಟಿ ಬಿಚ್ಚಿ ನೋಡಿ. ಎರಡೂ ತುದಿಗಳನ್ನು ಹೊಳೆಯುವ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ-ನೀಲಿ ಪುಡಿಯನ್ನು ಅಡುಗೆ ಸೋಡಾ ಕಲಸಿದ ಬಿಸಿನೀರಲ್ಲಿ ತೊಳೆಯಿರಿ. ಸೋಡಾ ನೀರು ಬ್ಯಾಟರಿಯೊಳಗೆ ಹೋಗಬಾರದು, ಮುಚ್ಚಳಗಳು ಬಿಗಿಯಾಗಿರಲಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ

ಪೆಟ್ರೋಲ್ ಇದೆಯೇ, ಸರಿಯಾದ ಹೊತ್ತಿಗೆ ಕಿಡಿ ಬರುತ್ತಿದೆಯೇ, ಸಿಲಿಂಡರ್ ಒತ್ತಡ ಹಿಡಿಯುತ್ತಿದೆಯೇ? ನೋಡಬೇಕಾದದ್ದು ಈ ಮೂರೇ. ಕಿಡಿಯಿಂದ ಶುರು ಮಾಡಿ, ಅದನ್ನು ನೋಡುವುದು ಸುಲಭ.

ಒಂದು ಪ್ಲಗ್ ಬಿಚ್ಚಿ, ಅದರ ವೈರ್‌ಗೇ ಮತ್ತೆ ಸಿಕ್ಕಿಸಿ, ಪ್ಲಗ್‌ನ ಲೋಹದ ಭಾಗ ಎಂಜಿನ್ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ಇಡಿ. ಬಿಚ್ಚಿದ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಪ್ಲಗ್ ಅದರಿಂದ ದೂರ ಇರಲಿ. ಕೈಯಲ್ಲಿ ಹಿಡಿಯಬೇಡಿ, ಅಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ವೋಲ್ಟ್ ಇರುತ್ತದೆ. ಸೆಲ್ಫ್ ಹೊಡೆಸಿ. ನೀಲಿ ಬಣ್ಣದ, ಚಟ್ ಚಟ್ ಅನ್ನುವ ಕಿಡಿ ಬಂದರೆ ಚೆನ್ನ. ಹಳದಿಯಾಗಿ ಸಣ್ಣಗೆ ಬಂದರೆ ಕಿಡಿಗೆ ಬಲ ಇಲ್ಲ.

ಕಿಡಿಯೇ ಇಲ್ಲವೇ? ಕಿಡಿಯನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು ಸೆಲ್ಫ್ ಹೊಡೆಸಿ ನೋಡಿ. ಒಳಗಿನ ರೋಟರ್ ತಿರುಗಬೇಕು. ಈ ಎಂಜಿನ್‌ನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಕ್ಯಾಮ್‌ಶಾಫ್ಟ್‌ನಿಂದ, ಕ್ಯಾಮ್‌ಶಾಫ್ಟ್ ತಿರುಗುವುದು ಟೈಮಿಂಗ್ ಬೆಲ್ಟ್‌ನಿಂದ. ಸೆಲ್ಫ್ ತಿರುಗಿಯೂ ರೋಟರ್ ನಿಂತಿದ್ದರೆ ಟೈಮಿಂಗ್ ಬೆಲ್ಟ್ ಹರಿದಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿಗೆ ನಿಲ್ಲಿಸಿ, ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ಟೋ ಮಾಡಿಸಿ.

ರೋಟರ್ ತಿರುಗುತ್ತಿದ್ದರೆ ಕೀ ಆನ್ ಮಾಡಿ ಕಾಯಿಲ್‌ನ ಪ್ಲಸ್‌ಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್‌ನ ಇನ್ನೊಂದು ತುದಿ ಬಾಡಿಗೆ. ಹತ್ತದಿದ್ದರೆ ಫ್ಯೂಸ್, ಇಗ್ನಿಷನ್ ಸ್ವಿಚ್, ನಡುವಿನ ಕನೆಕ್ಟರ್ ನೋಡಿ. ಹತ್ತಿದರೆ ಲ್ಯಾಂಪ್ ಅನ್ನು ಕಾಯಿಲ್‌ನ ಮೈನಸ್‌ಗೆ ಬದಲಿಸಿ ಸೆಲ್ಫ್ ಹೊಡೆಸಿ. ಅಲ್ಲಿ ಬೆಳಕು ಮಿನುಗಬೇಕು. ಮಿನುಗಿದರೆ ಪಾಯಿಂಟ್ (ಕಾಯಿಲ್‌ನ ಕರೆಂಟ್ ಕಡಿದು ಕೂಡಿಸುವ ಸ್ವಿಚ್) ಅಥವಾ ಅದೇ ಕೆಲಸ ಮಾಡುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಕೆಲಸ ಮಾಡುತ್ತಿದೆ ಎಂದರ್ಥ. ಆಗ ಅನುಮಾನ ಕಾಯಿಲ್, ರೋಟರ್, ಕ್ಯಾಪ್, ಹೈಟೆನ್ಷನ್ ವೈರ್ ಮೇಲೆ. ಮಿನುಗದಿದ್ದರೆ ದೋಷ ಹೆಚ್ಚಾಗಿ ಡಿಸ್ಟ್ರಿಬ್ಯೂಟರ್ ಒಳಗಿರುತ್ತದೆ.

ಪಾಯಿಂಟ್ ಇರುವ ಹಳೆಯ ಕಾರಾದರೆ ಅದರ ಮುಖ ನೋಡಿ. ಸುಟ್ಟು ಗುಳಿ ಬಿದ್ದಿದ್ದರೆ ಕಂಡೆನ್ಸರ್ ಕೂಡ ಹೋಗಿರುವ ಸಾಧ್ಯತೆ ಇದೆ. ಎರಡನ್ನೂ ಒಟ್ಟಿಗೆ ಬದಲಿಸಿ. ಅಂತರ 0.4ರಿಂದ 0.5 ಮಿ.ಮೀ. ಇರಲಿ, ಪ್ಲಗ್‌ನ ಅಂತರ 0.7ರಿಂದ 0.8 ಮಿ.ಮೀ. ಪಾಯಿಂಟ್ ಕಾರುಗಳಲ್ಲಿ ಎಂಜಿನ್ ಓಡದಿರುವಾಗ ಕೀ ಆನ್ ಬಿಟ್ಟು ಹೋಗಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿದ್ದರೆ ಕಾಯಿಲ್ ಸುಮ್ನೆ ಕಾದು ಹಾಳಾಗುತ್ತದೆ.

ಮಳೆಗಾಲದಲ್ಲಿ ಮಾತ್ರ ಬೆಳಿಗ್ಗೆ ಹತ್ತುವುದಿಲ್ಲ ಅನ್ನುವವರು ಡಿಸ್ಟ್ರಿಬ್ಯೂಟರ್ ಕ್ಯಾಪ್ ಒಳಭಾಗ ಒಣ ಬಟ್ಟೆಯಿಂದ ಒರೆಸಿ ನೋಡಿ. ಮಲೆನಾಡಿನಲ್ಲಿ ಇದು ದಿನದ ಮಾತು. ಕ್ಯಾಪ್‌ನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕು, ಕಿಡಿ ಅಲ್ಲಿಂದ ಸೋರುತ್ತಿದೆ. ಒರೆಸಿದರೆ ಸಾಲದು, ಹೊಸ ಕ್ಯಾಪ್ ಬೇಕು. ಹೈಟೆನ್ಷನ್ ವೈರ್ ಸೋರುತ್ತಿದೆಯೇ ಎಂದು ತಿಳಿಯಲು ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ವೈರ್ ಸುತ್ತ ಸಣ್ಣ ನೀಲಿ ಮಿಂಚು ಕಂಡರೆ ಅದನ್ನು ಬದಲಿಸಿ. ವೈರ್‌ಗಳನ್ನು ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಫೈರಿಂಗ್ ಆರ್ಡರ್ 1-3-2. ಎರಡು ವೈರ್ ಅದಲುಬದಲಾದರೆ ಸಾಕು, ಕಾರು ಹತ್ತದೆ ಬರಿ ಢಂ ಢಂ ಅನ್ನುತ್ತದೆ.

ಕಿಡಿ ಚೆನ್ನಾಗಿದ್ದರೆ ಪೆಟ್ರೋಲ್ ಕಡೆ ಬನ್ನಿ. ಏರ್ ಕ್ಲೀನರ್ ತೆಗೆದು, ಎಂಜಿನ್ ನಿಂತಿರುವಾಗಲೇ ಕಾರ್ಬೊರೇಟರ್ ಬಾಯೊಳಗೆ ಟಾರ್ಚ್ ಬಿಟ್ಟು, ಕೈಯಿಂದ ಥ್ರಾಟಲ್ ಒಮ್ಮೆ ಎಳೆಯಿರಿ. ಸಣ್ಣ ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೊರೇಟರ್‌ನ ಪುಟ್ಟ ಪೆಟ್ರೋಲ್ ತೊಟ್ಟಿಯಾದ ಫ್ಲೋಟ್ ಚೇಂಬರ್‌ನಲ್ಲಿ ಪೆಟ್ರೋಲ್ ಇದೆ. ಚಿಮ್ಮದಿದ್ದರೆ ಕಾಯಿಲ್‌ನ ಪ್ಲಸ್ ವೈರ್ ಮೊದಲಿನಂತೆ ತೆಗೆದಿಟ್ಟು, ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ, ತುದಿಯನ್ನು ಒಂದು ಬಾಟಲಿಯೊಳಗೆ ಇಟ್ಟು ಸೆಲ್ಫ್ ಹೊಡೆಸಿ. ಪೆಟ್ರೋಲ್ ತಡೆತಡೆದು, ಆದರೆ ರಭಸವಾಗಿ ಬೀಳಬೇಕು. ಬರದಿದ್ದರೆ ಫಿಲ್ಟರ್ ಕಟ್ಟಿದೆ, ಇಲ್ಲವೇ ಫ್ಯೂಯಲ್ ಪಂಪ್‌ನ ಡಯಾಫ್ರಮ್ ಹರಿದಿದೆ, ಇಲ್ಲವೇ ಟ್ಯಾಂಕಿನಿಂದ ಬರುವ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಎಳೆಯುತ್ತಿದೆ. ಹಳೆಯ ಮೆಕ್ಯಾನಿಕ್‌ಗಳು ಇದೇ ಪಂಪನ್ನು ಎಸಿ ಪಂಪ್ ಎನ್ನುತ್ತಾರೆ. ಡಯಾಫ್ರಮ್ ಹರಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೂ ಸೇರಬಹುದು. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಾಢವಾಗಿದ್ದರೆ ಪಂಪ್ ಜೊತೆ ಆಯಿಲ್ ಕೂಡ ಬದಲಿಸಿ.

ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಒದ್ದೆಯಾಗಿದ್ದರೆ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಗಾಳಿ ನುಗ್ಗಿ ಒಣಗುತ್ತದೆ. ಪಂಪ್ ಮಾಡಬೇಡಿ, ಮಾಡಿದರೆ ಮತ್ತಷ್ಟು ಪೆಟ್ರೋಲ್ ಹೋಗುತ್ತದೆ.

ಓಡುತ್ತಾ ಓಡುತ್ತಾ ಬಿಸಿಯಾದ ಮೇಲೆ ನಿಲ್ಲುವ ಕಾರು

ಹಳೆಯ ಕಾರಿನ ಮಾಲೀಕರನ್ನು ಅತಿ ಜಾಸ್ತಿ ಸತಾಯಿಸುವ ದೋಷ ಇದು. ಶಿರಾಡಿ ಘಾಟಿ ಹತ್ತುವಾಗ, ಇಲ್ಲವೇ ಏಪ್ರಿಲ್ ಮಧ್ಯಾಹ್ನ ರಾಯಚೂರಿನ ಬಿಸಿಲಲ್ಲಿ ಕಾರು ಎಳೆತ ಬಿಟ್ಟು ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಹತ್ತುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಮೆಕ್ಯಾನಿಕ್ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತಾ ಹೋಗುತ್ತಾನೆ.

ಹೆಚ್ಚಿನ ಸಲ ಕಾರಣ ಎರಡರಲ್ಲಿ ಒಂದು. ಪಂಪ್ ಅಥವಾ ಪೈಪ್‌ನಲ್ಲಿ ಪೆಟ್ರೋಲ್ ಕಾದು ಆವಿಯಾಗಿರುತ್ತದೆ. ಇದೇ ವೇಪರ್ ಲಾಕ್. ಈ ಪಂಪ್ ಬಿಸಿ ಎಂಜಿನ್ ಮೇಲೇ ಕೂತು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಒಳಗೆ ಆವಿ ತುಂಬಿದರೆ ಎಳೆಯುವ ಶಕ್ತಿ ಹೋಗುತ್ತದೆ. ಇಲ್ಲವೇ ಕಾಯಿಲ್ ಅಥವಾ ಇಗ್ನಿಷನ್ ಮಾಡ್ಯೂಲ್ ಬಿಸಿಯಾದಾಗ ಒಳಗಿನ ತಂತಿ ಬಿಟ್ಟುಕೊಂಡು ಕಿಡಿ ನಿಲ್ಲುತ್ತದೆ, ತಣ್ಣಗಾದ ಮೇಲೆ ಕೂಡಿಕೊಳ್ಳುತ್ತದೆ. ಹೊರಗಿಂದ ನೋಡಿದರೆ ಎರಡೂ ಒಂದೇ ಥರ.

ಬೇರೆ ಮಾಡಿ ತಿಳಿಯುವ ದಾರಿ ಒಂದೇ. ಕಾರು ನಿಂತ ಆ ಗಳಿಗೆಯಲ್ಲೇ, ತಣ್ಣಗಾಗಲು ಬಿಡದೆ ಪರೀಕ್ಷಿಸಬೇಕು. ಅದಕ್ಕೇ ಒಂದು ಹೆಚ್ಚುವರಿ ಪ್ಲಗ್ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಳ್ಳಿ. ಕಾರನ್ನು ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ತೆಗೆದು, ಹಜಾರ್ಡ್ ಲೈಟ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ತಕ್ಷಣ ಬಾನೆಟ್ ಎತ್ತಿ. ಎಲ್ಲಾದರೂ ಪೆಟ್ರೋಲ್ ಸೋರಿದೆಯೇ ಎಂದು ಮೊದಲು ನೋಡಿ, ಸೋರಿದ್ದರೆ ಕಿಡಿಯ ಪರೀಕ್ಷೆ ಬೇಡ. ಸೋರಿಕೆ ಇಲ್ಲದಿದ್ದರೆ ಒಂದು ಪ್ಲಗ್ ವೈರ್ ಕಿತ್ತು ಈ ಹೆಚ್ಚುವರಿ ಪ್ಲಗ್‌ಗೆ ಸಿಕ್ಕಿಸಿ, ಲೋಹಕ್ಕೆ ತಾಗಿಸಿ, ಸೆಲ್ಫ್ ಹೊಡೆಸಿ. ಎಂಜಿನ್‌ನ ಪ್ಲಗ್ ಬಿಚ್ಚುವ ಕೆಲಸವಿಲ್ಲ, ಕೈ ಸುಡುವುದೂ ಇಲ್ಲ. ಕಿಡಿ ಇಲ್ಲ ಅಂದರೆ ಕಾಯಿಲ್ ಅಥವಾ ಮಾಡ್ಯೂಲ್. ಕಿಡಿ ಇದೆ ಅಂದರೆ ಥ್ರಾಟಲ್ ಎಳೆದು ಪೆಟ್ರೋಲ್ ಚಿಮ್ಮುತ್ತದೆಯೇ ನೋಡಿ. ಚಿಮ್ಮದಿದ್ದರೆ ವೇಪರ್ ಲಾಕ್ ಅಥವಾ ಕಟ್ಟಿದ ದಾರಿ.

ಇನ್ನೊಂದು ಸುಳಿವು ಓಡಿಸುವಾಗಲೇ ಸಿಗುತ್ತದೆ. ಕಿಡಿ ಹೋದ ಕಾರು ಸ್ವಿಚ್ ಆರಿಸಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ಪೆಟ್ರೋಲ್ ಸಾಲದ ಕಾರು ಮುಗ್ಗರಿಸುತ್ತಾ, ಎಳೆತ ಕಡಿಮೆಯಾಗುತ್ತಾ ನಿಲ್ಲುತ್ತದೆ. ಇದು ನೂರಕ್ಕೆ ನೂರು ಖಾತ್ರಿಯಲ್ಲ, ಆದರೆ ಎಲ್ಲಿ ಶುರು ಮಾಡಬೇಕು ಎಂದು ಹೇಳುತ್ತದೆ.

ವೇಪರ್ ಲಾಕ್ ಆದರೆ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ. ಬಟ್ಟೆಯಿಂದ ನೀರು ಹರಿದು ಡಿಸ್ಟ್ರಿಬ್ಯೂಟರ್‌ಗೆ ಹೋಗದಂತೆ ಹಿಂಡಿ ಹಾಕಿ. ಆದರೆ ಪದೇ ಪದೇ ಹೀಗಾದರೆ ಬಟ್ಟೆ ಉತ್ತರವಲ್ಲ. ಪಂಪ್ ಮತ್ತು ಎಂಜಿನ್ ನಡುವೆ ಇರಬೇಕಾದ ದಪ್ಪ ಇನ್ಸುಲೇಟರ್ ಯಾರೋ ರಿಪೇರಿ ಮಾಡುವಾಗ ಬಿಟ್ಟಿರಬಹುದು. ಪೈಪ್ ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರ ಹಾದು ಹೋಗುತ್ತಿರಬಹುದು. ಫಿಲ್ಟರ್ ಅರ್ಧ ಕಟ್ಟಿದ್ದರೆ ಪಂಪ್ ಜೋರಾಗಿ ಎಳೆದು ಪೆಟ್ರೋಲ್ ಇನ್ನೂ ಬೇಗ ಆವಿಯಾಗುತ್ತದೆ. ಪೆಟ್ರೋಲ್ ಟ್ಯಾಂಕ್ ಮುಚ್ಚಳದ ಗಾಳಿ ಕಿಂಡಿಯನ್ನೂ ಮರೆಯಬೇಡಿ. ಅದು ಮುಚ್ಚಿಹೋದರೆ ಟ್ಯಾಂಕ್ ಒಳಗೆ ನಿರ್ವಾತ ಬೆಳೆದು ಪೆಟ್ರೋಲ್ ಬರುವುದು ನಿಲ್ಲುತ್ತದೆ. ಕಾರು ನಿಂತಾಗ ಮುಚ್ಚಳ ತೆರೆಯಿರಿ. ‘ಬುಸ್’ ಎಂದು ಗಾಳಿ ಒಳಗೆ ಹೋಗಿ, ಆಮೇಲೆ ಕಾರು ಹತ್ತಿದರೆ ಉತ್ತರ ಸಿಕ್ಕಿತು.

ಮಿಸ್ಸಿಂಗ್, ಐಡ್ಲಿಂಗ್, ಪಿಕಪ್

ಸ್ಲೋದಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಎಂಜಿನ್ ನಡುಗುತ್ತಿದೆ ಎಂದರೆ ಮೂರು ಪ್ಲಗ್‌ಗಳನ್ನೂ ಬಿಚ್ಚಿ ಸಾಲಾಗಿ ಇಡಿ. ತಿಳಿ ಕಂದು ಬಣ್ಣ ಆರೋಗ್ಯದ್ದು. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಜಿಡ್ಡು ಕಪ್ಪಿದ್ದರೆ ಆಯಿಲ್ ಬರುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಮೂರರಲ್ಲಿ ಒಂದೇ ಬೇರೆ ಥರ ಕಂಡರೆ ದೋಷ ಆ ಸಿಲಿಂಡರ್‌ಗೆ ಸೇರಿದ್ದು. ಮೂರೂ ಒಂದೇ ಥರ ಇದ್ದರೆ ಕಾರ್ಬೊರೇಟರ್, ಏರ್ ಫಿಲ್ಟರ್, ಕಿಡಿಯ ಟೈಮಿಂಗ್ ಕಡೆ ನೋಡಿ. ಎಂಜಿನ್‌ನ ಮೇಲ್ಭಾಗವಾದ ಹೆಡ್ ಅಲ್ಯೂಮಿನಿಯಂನದು. ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಿದ್ದಾಗ. ಹಾಕುವಾಗ ಮೊದಲು ಬರಿಗೈಯಲ್ಲಿ ತಿರುಗಿಸಿ. ಅಡ್ಡ ಹತ್ತಿದರೆ ಥ್ರೆಡ್ ಹಾಳಾಗುತ್ತದೆ, ಆ ರಿಪೇರಿ ದುಬಾರಿ.

ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುತ್ತದೆಯೇ? ಸ್ಕ್ರೂ ತಿರುಗಿಸಿ ಸ್ಲೋ ಏರಿಸಿಕೊಂಡು ಓಡಿಸಬೇಡಿ. ಕಾರ್ಬೊರೇಟರ್‌ಗೆ ವೈರ್ ಇರುವ ಸಣ್ಣ ಸೊಲೆನಾಯ್ಡ್ ಇದ್ದರೆ ಕೀ ಆನ್ ಮಾಡಿದಾಗ ಅದು ‘ಟಿಕ್’ ಅನ್ನಬೇಕು. ಅನ್ನದಿದ್ದರೆ ಸ್ಲೋ ಜೆಟ್‌ಗೆ ಪೆಟ್ರೋಲ್ ಹೋಗುವುದಿಲ್ಲ. ಒಂದು ವೈರ್ ಕಳಚಿದ್ದಕ್ಕೆ ಇಡೀ ಕಾರ್ಬೊರೇಟರ್ ಬಿಚ್ಚಿಸಿಕೊಂಡವರು ಎಷ್ಟೋ ಮಂದಿ! ಸೊಲೆನಾಯ್ಡ್ ಸರಿ ಇದ್ದರೆ ಸ್ಲೋ ಜೆಟ್ ಕಟ್ಟಿರಬೇಕು. ಜೆಟ್‌ಗೆ ತಂತಿ, ಪಿನ್ನು ಹಾಕಬೇಡಿ, ತೂತು ದೊಡ್ಡದಾಗುತ್ತದೆ. ಕಾರ್ಬೊರೇಟರ್ ಕ್ಲೀನರ್ ಮತ್ತು ಗಾಳಿ ಸಾಕು.

ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ದರೂ ಸ್ಲೋ ನಿಲ್ಲುವುದಿಲ್ಲ. ಕಿವಿಗೊಟ್ಟು ಕೇಳಿದರೆ ‘ಸುಯ್’ ಸದ್ದು ಬರುತ್ತದೆ. ಪೈಪ್‌ಗಳನ್ನು ಒಂದೊಂದಾಗಿ ಬೆರಳಿಂದ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಎಂಜಿನ್ ಸದ್ದು ಬದಲಾಗುತ್ತದೋ ಅಲ್ಲಿ ಹುಡುಕಿ.

ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಈ ಕಾರು ವಿನ್ಯಾಸವಾದಾಗ ಅದು ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಜೊತೆಗೆ ತೇವ ಹೀರಿಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಫ್ಲೋಟ್ ಚೇಂಬರ್‌ನಲ್ಲಿ ಬಿಳಿ ಪುಡಿ ಕೂರುತ್ತದೆ. ಪೆಟ್ರೋಲ್ ಪೈಪ್‌ಗಳನ್ನು ಎಥನಾಲ್ ತಡೆಯುವ ಹೊಸ ಹೋಸ್‌ಗೆ ಬದಲಿಸುವುದು ನನ್ನ ಲೆಕ್ಕದಲ್ಲಿ ಹಳೆಯ ಕಾರಿಗೆ ಮಾಡಬಹುದಾದ ಅತ್ಯಂತ ಮುಖ್ಯ ಖರ್ಚು. ಇದು ಬೆಂಕಿಯ ವಿಷಯ.

ಹೀಟ್ ಆಗುತ್ತಿದೆ

ಸೂಜಿ ಕೆಂಪಿಗೆ ಹೋದರೆ ನಿಲ್ಲಿಸಿ. ಮುಂದಿನ ಊರಿನವರೆಗೆ ಓಡಿಸೋಣ ಅಂದುಕೊಂಡರೆ ಹೆಡ್ ಬಾಗಿ ಗ್ಯಾಸ್ಕೆಟ್ ಹೋಗುತ್ತದೆ. ಪೂರ್ತಿ ಆರಿದ ಮೇಲೆ ನೀರಿನ ಮಟ್ಟ ನೋಡಿ.

ಟ್ರಾಫಿಕ್‌ನಲ್ಲಿ ಮಾತ್ರ ಹೀಟ್, ಹೈವೇಯಲ್ಲಿ ಸರಿ ಎಂದರೆ ಫ್ಯಾನ್ ತಿರುಗುತ್ತಿಲ್ಲ. ನೀರು ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್‌ನ ಕನೆಕ್ಟರ್ ಬಿಚ್ಚಿ, ಕೀ ಆನ್ ಮಾಡಿ, ಅದರ ಎರಡು ವೈರ್‌ಗಳನ್ನು ಒಂದು ತುಂಡು ವೈರ್‌ನಿಂದ ಕೂಡಿಸಿ. ಫ್ಯಾನ್ ತಿರುಗಿದರೆ ಮೋಟಾರ್ ಸರಿ, ಸ್ವಿಚ್ ಕೆಟ್ಟಿದೆ. ತಿರುಗದಿದ್ದರೆ ಫ್ಯೂಸ್, ಮೋಟಾರ್, ಅದರ ಅರ್ಥ್ ನೋಡಿ. ಹೈವೇಯಲ್ಲಿ ಮಾತ್ರ ಹೀಟ್ ಎಂದರೆ ರೇಡಿಯೇಟರ್ ಒಳಗೆ ಕಟ್ಟಿದೆ ಅಥವಾ ನೀರು ಸರಿಯಾಗಿ ಸುತ್ತುತ್ತಿಲ್ಲ. ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ತುಂಬಿದ ರೇಡಿಯೇಟರ್ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಜೊತೆ ಕೂಲೆಂಟ್ ಹಾಕಿ. ಹೀಟ್ ಆಗುತ್ತದೆಂದು ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ತಡೆಯುವ ವಾಲ್ವ್) ಕಿತ್ತು ಬಿಸಾಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಅದಿಲ್ಲದೆ ಎಂಜಿನ್ ಬೇಗ ಬಿಸಿಯೇರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸಿಲಿಂಡರ್ ಬೋರ್ ಬೇಗ ಸವೆಯುತ್ತದೆ.

ಸೋರಿಕೆ ಎಲ್ಲೂ ಕಾಣದೆ ನೀರು ಕಡಿಮೆಯಾಗುತ್ತಿದ್ದರೆ, ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ನಿಲ್ಲದೆ ಗುಳ್ಳೆ ಏಳುತ್ತಿದ್ದರೆ, ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಚಾರ್ಜಿಂಗ್, ರಾತ್ರಿ ಇಳಿಯುವ ಬ್ಯಾಟರಿ

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು, ಆಫ್ ಆಗದಿದ್ದರೆ ಆಲ್ಟರ್ನೇಟರ್ (ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಭಾಗ) ಸರಿ ಎನ್ನುವ ಪರೀಕ್ಷೆ ಡೈನಮೋ ಕಾಲದ್ದು. ಆಲ್ಟರ್ನೇಟರ್‌ನಲ್ಲಿ ಹೀಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ರೆಗ್ಯುಲೇಟರ್ (ವೋಲ್ಟೇಜ್ ಮಿತಿಯಲ್ಲಿಡುವ ಭಾಗ), ಡಯೋಡ್, ರೇಡಿಯೊ ಎಲ್ಲ ಸುಡಬಹುದು. ಮೀಟರ್ ಇರುವಾಗ ಇದರ ಅಗತ್ಯವೇ ಇಲ್ಲ.

ಎಂಜಿನ್ ಸ್ವಲ್ಪ ರೇಸ್ ಮಾಡಿ ಬ್ಯಾಟರಿ ಮೇಲೆ ಅಳೆಯಿರಿ. 13.8ರಿಂದ 14.5 ವೋಲ್ಟ್ ಬರಬೇಕು. ಹೆಡ್‌ಲೈಟ್ ಹಾಕಿದರೂ 13ರ ಮೇಲೇ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿ ಕುದ್ದು ನೀರು ಬತ್ತುತ್ತದೆ. 12.5ರಲ್ಲೇ ನಿಂತರೆ ಮೊದಲು ಬೆಲ್ಟ್ ಒತ್ತಿ ನೋಡಿ. ಹೆಬ್ಬೆರಳಿಗೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಬಗ್ಗಬಾರದು. ಕೀ ಆನ್ ಮಾಡಿದಾಗ ಡ್ಯಾಶ್‌ಬೋರ್ಡ್‌ನ ಬ್ಯಾಟರಿ ದೀಪ ಹತ್ತುತ್ತದೆಯೇ? ಹತ್ತದಿದ್ದರೆ ಅದನ್ನು ಸರಿ ಮಾಡಿ. ಆಲ್ಟರ್ನೇಟರ್‌ಗೆ ಮೊದಲ ಕರೆಂಟ್ ಹೋಗುವುದು ಆ ಬಲ್ಬಿನ ದಾರಿಯಲ್ಲಿ. ಬಲ್ಬ್ ಸುಟ್ಟಿದ್ದರೆ ಚೆನ್ನಾಗಿರುವ ಆಲ್ಟರ್ನೇಟರ್ ಕೂಡ ಚಾರ್ಜ್ ಕೊಡದೆ ಇರಬಹುದು.

ರಾತ್ರಿ ಇಟ್ಟರೆ ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತದೆಯೇ? ಕೀ ತೆಗೆದು, ಬಾಗಿಲು ಮುಚ್ಚಿ, ಮೈನಸ್ ಕೇಬಲ್ ಬಿಚ್ಚಿ, ಕೇಬಲ್‌ಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ಮಾಪಕದಲ್ಲಿ ಜೋಡಿಸಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಡುತ್ತದೆ. 50 ಮಿಲಿಆಂಪಿಯರ್‌ಗಿಂತ ಜಾಸ್ತಿ ತೋರಿಸಿದರೆ ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿ ಕಳ್ಳ ಇದ್ದಾನೆ. ಆಮೇಲೆ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ರಿವರ್ಸ್ ಹಾರ್ನ್, ಸೆಂಟ್ರಲ್ ಲಾಕ್ ಇವೇ ಹೆಚ್ಚಾಗಿ ಕಾರಣ. ಯಾವ ಫ್ಯೂಸ್ ಕಿತ್ತರೂ ಇಳಿಯದಿದ್ದರೆ ಆಲ್ಟರ್ನೇಟರ್‌ನ ದಪ್ಪ ವೈರ್ ಬಿಚ್ಚಿ ನೋಡಿ. ಅದು ನೇರ ಬ್ಯಾಟರಿಯ ವೈರ್, ಹಾಗಾಗಿ ಮೊದಲು ಮೈನಸ್ ಕಳಚಿ, ವೈರ್ ಬಿಚ್ಚಿ ಟೇಪ್ ಸುತ್ತಿ, ಆಮೇಲೆ ಮೀಟರ್ ಮತ್ತೆ ಜೋಡಿಸಿ. ಆಗ ಅಂಕಿ ಇಳಿದರೆ ಒಳಗಿನ ಡಯೋಡ್ ಸೋರುತ್ತಿದೆ.

ದೀಪಗಳು, ಫ್ಯೂಸ್‌ಗಳು

ಹೆಡ್‌ಲೈಟ್ ಮಂಕಾಗಿದೆಯೆಂದು ದೊಡ್ಡ ವ್ಯಾಟ್ ಬಲ್ಬ್ ಹಾಕಿಸಬೇಡಿ. ಹಳೆಯ ವೈರ್ ಅದನ್ನು ತಾಳದೆ ಹೋಲ್ಡರ್ ಕರಗುತ್ತದೆ. ಬಲ್ಬಿಗೆ ಬರುವ ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಮೇಲೆ 14 ಇದ್ದು ಬಲ್ಬಿನ ಕನೆಕ್ಟರ್‌ನಲ್ಲಿ 11.5 ಇದ್ದರೆ ನಡುವಿನ ಸ್ವಿಚ್, ವೈರ್, ಅರ್ಥ್ ಉಳಿದದ್ದನ್ನು ತಿನ್ನುತ್ತಿವೆ. ಅರ್ಥ್ ಉಜ್ಜಿ, ಬ್ಯಾಟರಿಯಿಂದ ಫ್ಯೂಸ್ ಸಮೇತ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಹರಿಸುವ ಸ್ವಿಚ್) ಹಾಕಿಸಿ. ಅದೇ 60/55 ವ್ಯಾಟ್ ಬಲ್ಬ್ ಬೇರೆಯದೇ ಬೆಳಕು ಕೊಡುತ್ತದೆ.

ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಹತ್ತುವುದು, ಒಂದು ದೀಪ ಹಾಕಿದರೆ ಇನ್ನೊಂದು ಮಿಣುಕುವುದು, ಇವೆಲ್ಲ ಹಿಂದಿನ ಲ್ಯಾಂಪ್‌ನ ಅರ್ಥ್ ಕೆಟ್ಟ ಗುರುತು. ಇಂಡಿಕೇಟರ್ ಒಂದು ಕಡೆ ಮಾತ್ರ ವೇಗವಾಗಿ ಹೊಡೆದುಕೊಂಡರೆ ಆ ಕಡೆಯ ಒಂದು ಬಲ್ಬ್ ಹೋಗಿದೆ.

ಫ್ಯೂಸ್ ಪದೇ ಪದೇ ಹೋಗುತ್ತಿದೆ ಎಂದು ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆ ಸುತ್ತಿ ಹಾಕುವುದು, ದೊಡ್ಡ ಆಂಪಿಯರ್ ಫ್ಯೂಸ್ ಹಾಕುವುದು ಬೇಡವೇ ಬೇಡ. ಆಗ ಸುಡುವುದು ಫ್ಯೂಸ್ ಅಲ್ಲ, ಡ್ಯಾಶ್‌ಬೋರ್ಡ್ ಹಿಂದಿನ ವೈರ್ ಕಟ್ಟು. ಫ್ಯೂಸ್ ಜಾಗದಲ್ಲಿ 12 ವೋಲ್ಟ್ ಬಲ್ಬ್ ಜೋಡಿಸಿ, ವೈರ್‌ಗಳನ್ನು ಅಲ್ಲಲ್ಲಿ ಅಲುಗಾಡಿಸಿ. ಶಾರ್ಟ್ ಇರುವವರೆಗೆ ಬಲ್ಬ್ ಜೋರಾಗಿ ಉರಿಯುತ್ತದೆ. ಯಾವ ಜಾಗ ಅಲುಗಿಸಿದಾಗ ಆರುತ್ತದೋ ಅಲ್ಲಿ ವೈರ್ ಸುಲಿದಿದೆ. ಬಾಗಿಲಿನ ಹಿಂಜ್ ಹತ್ತಿರ, ಡಿಕ್ಕಿ ಬಾಗಿಲಿನ ಮೂಲೆ, ತಗಡಿನ ತೂತಿನಲ್ಲಿ ರಬ್ಬರ್ ಬಿದ್ದುಹೋದ ಜಾಗ, ಇಲ್ಲಿ ಮೊದಲು ನೋಡಿ.

ಎಂಜಿನ್ ಇಳಿಸಬೇಕು ಎಂದರೆ

ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆ ಎಂದರೆ ಪೆಟ್ರೋಲ್ ಜಾಸ್ತಿ. ಚಳಿಯ ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಸಹಜ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ನೀಲಿ ಹೊಗೆ ಕಂಡ ಕೂಡಲೇ ಬೋರ್ ಕೆಲಸ ಎನ್ನುವವರು ಇದ್ದಾರೆ. ಅವಸರ ಬೇಡ. ರಾತ್ರಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಬುಗ್ಗೆ ನೀಲಿ ಹೊಗೆ ಬಂದು ನಿಂತರೆ ಅದು ಹೆಚ್ಚಾಗಿ ವಾಲ್ವ್ ಸೀಲ್. ಎಳೆಯುವಾಗೆಲ್ಲ ಬರುತ್ತಿದ್ದರೆ ಪಿಸ್ಟನ್ ರಿಂಗ್.

ದೊಡ್ಡ ಕೆಲಸಕ್ಕೆ ಒಪ್ಪುವ ಮುಂಚೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ನೀವು ಪಕ್ಕದಲ್ಲೇ ನಿಂತು ಅಂಕಿ ಬರೆದುಕೊಳ್ಳಿ. ಎಂಜಿನ್ ಬಿಸಿ ಇರಬೇಕು, ಮೂರೂ ಪ್ಲಗ್ ಬಿಚ್ಚಿರಬೇಕು, ಕಾಯಿಲ್ ವೈರ್ ತೆಗೆದಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಮೂರರ ನಡುವೆ ಶೇಕಡಾ 15ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಡಿಮೆ ಇರುವ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಸಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ಮಾತಿಗೆ ಅರ್ಥ ಇದೆ. ಏರದಿದ್ದರೆ ದೋಷ ವಾಲ್ವ್ ಅಥವಾ ಗ್ಯಾಸ್ಕೆಟ್‌ನದು, ಹೆಡ್ ಮಾತ್ರ ತೆಗೆದರೆ ಸಾಕಾಗಬಹುದು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ತೋರಿಸಿದರೆ ಅವೆರಡರ ನಡುವೆ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ವಾಲ್ವ್ ಕ್ಲಿಯರೆನ್ಸ್ ಬಿಗಿಯಾಗಿದ್ದರೂ ಅಂಕಿ ಬೀಳುತ್ತದೆ. ಹೆಡ್ ಬಿಚ್ಚುವ ಮುಂಚೆ ಅದನ್ನು ಫೀಲರ್ ಗೇಜ್ ಹಾಕಿ ನೋಡಲು ಮೆಕ್ಯಾನಿಕ್‌ಗೆ ಹೇಳಿ.